ಕಡಲತೀರದ ಹಳೇ ಊರಿನ ಸ್ಕೆಚ್‌ಗೆ ಪೆನ್ಸಿಲ್ಲೋ, ಇಂಕ್ ಪೆನ್ನೋ, ಜಲವರ್ಣವೋ?

ಗುಂಪಿನಲ್ಲಿ ಹೊರಟಾಗ ಮೊದಲು ನೋಡಬೇಕಾದದ್ದು ಸಮಯ. ಒಂದೊಂದು ಜಾಗಕ್ಕೆ ಅರ್ಧ ಗಂಟೆ ಮಾತ್ರವಾದರೆ ಪೆನ್ಸಿಲ್ ಅಥವಾ ಪೆನ್ನು. ಒಂದೇ ಕಡೆ ಒಂದೂವರೆ ಗಂಟೆ ಕೂರುವುದಾದರೆ ಜಲವರ್ಣಕ್ಕೆ ಕೈ ಹಾಕಿ.

ಕಡಲ ಗಾಳಿ ಹೆಚ್ಚು ಕಾಡುವುದು ಜಲವರ್ಣವನ್ನೇ. ತೇವ ಹೆಚ್ಚಿದ್ದಾಗ ಬಣ್ಣ ನಿಧಾನವಾಗಿ ಒಣಗುತ್ತದೆ. ಹಸಿ ಆಕಾಶಕ್ಕೆ ತಾಗಿಸಿ ಗೋಪುರ ತುಂಬಿದರೆ ಅಂಚು ಹರಡಿಹೋಗುತ್ತದೆ. ನಡುವೆ ಕೂದಲೆಳೆಯಷ್ಟು ಬಿಳಿ ಬಿಡಿ, ಒಣಗಿದ ಮೇಲೆ ಮುಚ್ಚಬಹುದು. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದ, ನಾಲ್ಕು ಮೂಲೆಗೂ ಕ್ಲಿಪ್ಪು, ಬಾಟಲಿಯಲ್ಲಿ ಸಿಹಿನೀರು ಬೇಕೇಬೇಕು. ಸಮುದ್ರದ ನೀರಿನಲ್ಲಿ ಕುಂಚ ಅದ್ದಿದರೆ ಉಪ್ಪು ಚಿತ್ರದ ಮೇಲೆ ಉಳಿಯುತ್ತದೆ. ಖರ್ಚೂ ಇದಕ್ಕೇ ಜಾಸ್ತಿ. ಆದರೆ ಸುಣ್ಣದ ಗೋಡೆಯ ಮೇಲಿನ ಬೆಳಕು ಬೇಕೆಂದರೆ ಇದರ ಮುಂದೆ ಬೇರೆಯದಿಲ್ಲ.

ಕಿಟಕಿ, ಹೆಂಚು, ಕಬ್ಬಿಣದ ಸರಳು ಕಣ್ಣಿಗೆ ಬಿದ್ದವರಿಗೆ ಪೆನ್ನು ಒಳ್ಳೆಯದು. ಇಂಕು ನೀರಿಗೆ ಕರಗದಂಥದ್ದಿರಲಿ, ಇಲ್ಲವಾದರೆ ಅಲೆಯ ತುಂತುರಿಗೇ ಗೆರೆ ಕದಡುತ್ತದೆ.

ಪೆನ್ಸಿಲ್ ಅಗ್ಗ, ಹೊಸಬರಿಗೆ ಧೈರ್ಯ. ಸಮುದ್ರದ ದಿಗಂತ ನಿಮ್ಮ ಕಣ್ಣಿನ ಮಟ್ಟದಲ್ಲೇ ಇರುತ್ತದೆ. ಅದನ್ನು ತಪ್ಪಾಗಿ ಎಳೆದರೂ 2ಬಿ ಎಂಬ ಮೆದು ಪೆನ್ಸಿಲ್ಲಿನಲ್ಲಾದರೆ ಅಳಿಸಬಹುದು. ಬೆವರಿದ ಕೈಗೆ ಮಸಿ ಹರಡದಂತೆ ಅಂಗೈಯಡಿ ಒಂದು ಹಾಳೆ ಇಟ್ಟುಕೊಳ್ಳಿ.