ಹಳೇ ಕಾರಿಗೆ ಎಂಜಿನ್ ವಾಪಸ್ ಕೂರಿಸುವ ದಿನ ನೀವು ಅಲ್ಲೇ ಇರಿ

ಹಳೇ ಅಂಬಾಸಿಡರ್, ಫಿಯಟ್, ಜೀಪು ಯಾವುದನ್ನಾದರೂ ಆಸೆಯಿಂದ ರಿಪೇರಿ ಮಾಡಿಸುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಎಂಜಿನ್ ಬೋರಿಂಗ್ (ಸವೆದ ಸಿಲಿಂಡರ್‌ಗಳನ್ನು ಕೊರೆದು ಸಮ ಮಾಡುವುದು) ಚೆನ್ನಾಗಿ ಆಯ್ತು ಅಂದರೆ ಮುಕ್ಕಾಲು ಕೆಲಸ ಮುಗಿಯಿತು ಅಂತ ಎಲ್ಲರೂ ಹೇಳುತ್ತಾರೆ. ಅದನ್ನು ನಂಬಬೇಡಿ. ನಮ್ಮ ಗಾಡಿಯ ಎಂಜಿನ್ ಲೇತ್ ಶಾಪಿನಿಂದ ಹೊಸದರಂತೆ ಬಂದಿತ್ತು. ಅದು ಹಾಳಾಗಿದ್ದು ಗಾಡಿಗೆ ಏರಿಸಿದ ಆ ಅರ್ಧ ದಿನದಲ್ಲಿ.

ನಮ್ಮದು 1973ರ ಅಂಬಾಸಿಡರ್ ಮಾರ್ಕ್ 2. ಅಪ್ಪ ಕೊಂಡ ಗಾಡಿ. 1489 ಸಿಸಿ ಪೆಟ್ರೋಲ್ ಎಂಜಿನ್, ಅದರದ್ದೇ. ಆ ಕಾಲದ ಎಷ್ಟೋ ಅಂಬಾಸಿಡರ್‌ಗಳಿಗೆ ಡೀಸೆಲ್ ಎಂಜಿನ್ ಕೂರಿಸಿಬಿಟ್ಟಿದ್ದಾರೆ. ನಾವು ಹಾಗೆ ಮಾಡಿರಲಿಲ್ಲ. ಆರ್‌ಸಿಯಲ್ಲಿರುವ ಎಂಜಿನ್ ನಂಬರೇ ಬ್ಲಾಕಿನ ಮೇಲೂ ಇದೆ. ಇದು ಬರೀ ಅಭಿಮಾನದ ಮಾತಲ್ಲ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಗಾಡಿ ಮೂಲ ರೂಪದಲ್ಲೇ ಇರಬೇಕು, ಎಂಜಿನ್, ಷಾಸಿ, ಬಾಡಿಯಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹಾಗಾಗಿ ಆ ಬ್ಲಾಕ್ ಹೋದರೆ ಗುಜರಿಯಿಂದ ಇನ್ನೊಂದು ತಂದು ಹಾಕಿದರಾಯ್ತು ಅನ್ನುವ ಹಾಗಿಲ್ಲ.

ಪಿಸ್ಟನ್, ಬೇರಿಂಗ್ ಎಲ್ಲ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ ತಂದೆ. ಬೋರಿಂಗ್ ಮಾಡಿದವರು ಅಚ್ಚುಕಟ್ಟಾದ ಕೆಲಸಗಾರರು, ಅವರ ಬಗ್ಗೆ ಒಂದು ಮಾತೂ ಇಲ್ಲ. ಎಂಜಿನ್ ಏರಿಸಲು ಒಪ್ಪಿಕೊಂಡಿದ್ದು ಮೈಸೂರಿನ ಬೇರೊಂದು ಗ್ಯಾರೇಜ್. ಏರಿಸುವಾಗ ನಾನು ಬರಬೇಕು, ಫೋನ್ ಮಾಡಿ ಅಂತ ಮೊದಲೇ ಹೇಳಿದ್ದೆ. ಅವರು ಫೋನ್ ಮಾಡಿದ್ದು ಎಲ್ಲ ಟೈಟ್ ಮಾಡಿ ಮುಗಿಸಿದ ಮೇಲೆ. "ಬನ್ನಿ ಸಾರ್, ಸ್ಟಾರ್ಟ್ ಮಾಡೋಣ" ಅಂದರು.

ಸೆಲ್ಫ್ ಹೊಡೆದರು. ಎಂಜಿನ್ ಬಹಳ ಕಷ್ಟಪಟ್ಟು, ಎಳೆದೆಳೆದು ತಿರುಗಿತು. ಎರಡನೇ ಸಲ ಹೊಡೆದಾಗ ಡ್ಯಾಶ್‌ಬೋರ್ಡಿನಿಂದ ಕಾರ್ಬುರೇಟರ್‌ಗೆ ಹೋಗುವ ಚೋಕ್ ಕೇಬಲ್, ಅಂದರೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಲು ಎಳೆಯುವ ಲೋಹದ ತಂತಿ, ಹೊಗೆಯಾಡತೊಡಗಿತು. ಅದರ ಹೊರಗಿನ ಪ್ಲಾಸ್ಟಿಕ್ ಕರಗಿ ಕೆಳಗೆ ಸುರಿಯಿತು. ಅದೇ ಜಾಗದಲ್ಲಿ ಪೆಟ್ರೋಲ್ ಪೈಪಿನ ಕ್ಲಿಪ್ ಸಡಿಲ ಇತ್ತು, ವಾಸನೆ ನನ್ನ ಮೂಗಿಗೇ ಬಡಿಯುತ್ತಿತ್ತು. ಒಬ್ಬ ಹುಡುಗ ಓಡಿ ಬಂದು ಬ್ಯಾಟರಿ ಟರ್ಮಿನಲ್ ಕಿತ್ತ. ಅವನ ಬುದ್ಧಿಯಿಂದ ಅವತ್ತು ಗಾಡಿಯೂ ಉಳಿಯಿತು, ನಾವೂ ಉಳಿದೆವು.

"ಹಳೇ ವೈರಿಂಗ್ ಸಾರ್, ಹಿಂಗೇ ಆಗುತ್ತೆ" ಅಂದರು ಮೇಸ್ತ್ರಿ. ಅದು ಸುಳ್ಳು. ಎಂಜಿನ್ನಿನಿಂದ ಗಾಡಿಯ ಲೋಹದ ಬಾಡಿಯವರೆಗೆ ಹೋಗುವ ಅರ್ತ್ ಪಟ್ಟಿಯನ್ನು, ಅಂದರೆ ಕರೆಂಟ್ ಬಾಡಿಯ ಮೂಲಕ ಬ್ಯಾಟರಿಗೆ ವಾಪಸ್ ಹೋಗಲು ಇರುವ ಪಟ್ಟಿಯನ್ನು, ಅವರು ಹಾಕಿರಲೇ ಇಲ್ಲ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ಗೇರ್‌ಬಾಕ್ಸ್ ಹಿಂದೆಯೂ ರಬ್ಬರೇ. ಅಂದರೆ ಆ ಪಟ್ಟಿ ಇಲ್ಲದೆ ಎಂಜಿನ್ನಿಗೂ ಬಾಡಿಗೂ ಸರಿಯಾದ ಸಂಪರ್ಕವೇ ಇರುವುದಿಲ್ಲ. ಸೆಲ್ಫ್ ಮೋಟಾರ್ ನೂರಕ್ಕಿಂತ ಜಾಸ್ತಿ ಆಂಪಿಯರ್ ಎಳೆಯುತ್ತದೆ. ಅಷ್ಟು ಕರೆಂಟ್ ವಾಪಸ್ ಹೋಗಲು ಏನಾದರೂ ದಾರಿ ಹುಡುಕಲೇಬೇಕು ಅಲ್ವಾ? ಚೋಕ್ ಕೇಬಲ್, ಆಕ್ಸಲರೇಟರ್ ಕೇಬಲ್, ಸಣ್ಣ ಲೋಹದ ಪೈಪು ಹೀಗೆ ಸಿಕ್ಕಿದ್ದರಲ್ಲಿ ಹರಿಯುತ್ತದೆ, ಅದು ಕೆಂಪಗೆ ಕಾಯುತ್ತದೆ. ಅದೆಲ್ಲ ಇರುವುದು ಕಾರ್ಬುರೇಟರ್ ಪಕ್ಕದಲ್ಲೇ. ಒಂದು ಪಟ್ಟಿ, ಎರಡು ಬೋಲ್ಟಿನ ಕೆಲಸ ಅದು. ಹಳೇ ಗಾಡಿಗೆ ಹೊಸ ಪೇಂಟ್ ಹೊಡೆಸಿದ್ದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಪಟ್ಟಿ ಹಾಕಿದ್ದರೂ ಕೆಳಗೆ ಪೇಂಟ್ ಇದ್ದರೆ ಸಂಪರ್ಕ ಸಿಗುವುದಿಲ್ಲ, ಆ ಜಾಗವನ್ನು ಲೋಹ ಕಾಣುವವರೆಗೆ ಉಜ್ಜಲೇಬೇಕು. ಮಲ್ಟಿಮೀಟರ್ ಇದ್ದರೆ ಒಂದು ತುದಿ ಎಂಜಿನ್ ಬ್ಲಾಕಿಗೆ, ಇನ್ನೊಂದು ಬ್ಯಾಟರಿಯ ಅರ್ತ್ ಟರ್ಮಿನಲ್‌ಗೆ ಇಟ್ಟು ಸೆಲ್ಫ್ ಹೊಡೆಸಿ ನೋಡಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅಲ್ಲಿಗೇ ನಿಲ್ಲಿಸಿ.

ಅರ್ತ್‌ಗೆ ಜಂಪರ್ ಕೇಬಲ್ ಕೊಟ್ಟು ಮತ್ತೆ ಹೊಡೆದರು, ಸ್ಟಾರ್ಟ್ ಆಯಿತು. ಆದರೆ ಕ್ಲಚ್ ಪೂರ್ತಿ ಒತ್ತಿದರೂ ಗೇರ್ ಬೀಳಲಿಲ್ಲ, ಕರಕರ ಅಂತ ಹಲ್ಲು ಕಡಿಯಿತು. "ಹೊಸ ಪ್ಲೇಟು, ಓಡಿಸ್ತಾ ಓಡಿಸ್ತಾ ಸರಿ ಹೋಗುತ್ತೆ" ಅಂದರು. ನಾನು ಒಪ್ಪಲಿಲ್ಲ. ಗಾಡಿಯನ್ನು ಎಳೆಸಿಕೊಂಡು ಅಂಬಾಸಿಡರ್ ಕೆಲಸದಲ್ಲೇ ತಲೆ ನೆರೆತ ಇನ್ನೊಬ್ಬ ಮೇಸ್ತ್ರಿಯ ಹತ್ತಿರ ತಂದೆ.

ಅವರು ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿ ನನ್ನನ್ನೂ ಕರೆದರು. ಎಂಜಿನ್ ಮತ್ತು ಬೆಲ್ ಹೌಸಿಂಗ್ (ಗೇರ್‌ಬಾಕ್ಸಿನ ಮುಂದೆ ಕ್ಲಚ್ ಮುಚ್ಚುವ ಕವಚ) ಕೂಡುವ ಕಡೆ ಒಂದು ಬದಿ ಅಂಟಿಕೊಂಡಿತ್ತು, ಇನ್ನೊಂದು ಬದಿಯಲ್ಲಿ ಸಂದು ಕಾಣುತ್ತಿತ್ತು. ಬೋಲ್ಟ್ ಹಾಕುವ ಒಂದು ಕಿವಿ ಸೀಳಿತ್ತು. ಬಿಚ್ಚಿದಾಗ ಕ್ಲಚ್ ಪ್ಲೇಟಿನ ನಡುವಿನ ಹಬ್ ಡೊಂಕಾಗಿತ್ತು. ಕ್ರ್ಯಾಂಕಿನ (ಪಿಸ್ಟನ್‌ಗಳು ತಿರುಗಿಸುವ ಎಂಜಿನ್ನಿನ ಮುಖ್ಯ ಶಾಫ್ಟ್) ಹಿಂದಿನ ತುದಿಯಲ್ಲಿ ಕೂರುವ ಸಣ್ಣ ಪೈಲಟ್ ಬುಷ್ ಒಂದು ಕಡೆ ಜಜ್ಜಿಹೋಗಿತ್ತು. "ಸೆಂಟರ್ ಮಾಡ್ದೇನೇ ಬೋಲ್ಟಲ್ಲಿ ಎಳೆದಿದ್ದಾರೆ ಸಾರ್" ಅಂದರು ಅವರು.

ಇದು ಹೇಗಾಗುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ನೋಡಬೇಕಾದ ಜಾಗ ಇದೇ. ಗೇರ್‌ಬಾಕ್ಸನ್ನು ಗಾಡಿಯಲ್ಲೇ ಬಿಟ್ಟು ಎಂಜಿನ್ ಮಾತ್ರ ಇಳಿಸಿದಾಗ ಗೇರ್‌ಬಾಕ್ಸಿನ ಮೂತಿ ಕೆಳಗೆ ಬಾಗುತ್ತದೆ. ಅದಕ್ಕೆ ಜಾಕ್ ಕೊಟ್ಟು ಎತ್ತಿ ಹಿಡಿದಿರಬೇಕು. ಮುಂದಿನಿಂದ ಬರುವ ಎಂಜಿನ್ ಸುಮಾರು ಒಂದೂವರೆ ಕ್ವಿಂಟಲ್ ಭಾರ. ಗೇರ್‌ಬಾಕ್ಸಿನ ಕ್ಲಚ್ ಶಾಫ್ಟ್ ಮೊದಲು ಕ್ಲಚ್ ಪ್ಲೇಟಿನ ಹಲ್ಲುಗಳ ಒಳಗೆ, ಆಮೇಲೆ ಆ ಪೈಲಟ್ ಬುಷ್ ಒಳಗೆ ನೇರವಾಗಿ ಹೋಗಬೇಕು. ಅದಕ್ಕೇ ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್ ಟೈಟ್ ಮಾಡುವ ಮೊದಲು ಒಂದು ಹಳೇ ಕ್ಲಚ್ ಶಾಫ್ಟನ್ನೋ ಅದೇ ಅಳತೆಯ ಮರದ ಗೂಟವನ್ನೋ ತೂರಿಸಿ ಪ್ಲೇಟನ್ನು ನಡುವಿಗೆ ತಂದುಕೊಳ್ಳುತ್ತಾರೆ. ಸೆಂಟರ್ ಸರಿ ಇದ್ದು, ಎಂಜಿನ್ ಮತ್ತು ಗೇರ್‌ಬಾಕ್ಸ್ ಒಂದೇ ಓರೆಯಲ್ಲಿದ್ದರೆ ಕೈಯಲ್ಲಿ ತಳ್ಳಿದರೆ ಸಾಕು, ಸಂದಿಲ್ಲದೆ ಕೂರುತ್ತದೆ. ಹಲ್ಲು ಸಿಕ್ಕಿಕೊಂಡರೆ ಟಾಪ್ ಗೇರಿಗೆ ಹಾಕಿ ಎಂಜಿನ್ ಪುಲ್ಲಿಯನ್ನು ಸ್ವಲ್ಪ ಅತ್ತ ಇತ್ತ ತಿರುಗಿಸಿದರೆ ಒಳಗೆ ಜಾರುತ್ತದೆ.

ಕೊನೆಯ ಅರ್ಧ ಇಂಚು ಹೋಗಲಿಲ್ಲ ಅಂದರೆ ಏನೋ ತಪ್ಪಾಗಿದೆ ಅಂತಲೇ ಅರ್ಥ. ಆಗ ಎಂಜಿನ್ನನ್ನು ಹಿಂದಕ್ಕೆ ತಂದು ನೋಡಬೇಕು. ಪಾನಾ ಹಿಡಿದು ಬೋಲ್ಟಿನಿಂದ ಎಳೆಯುವವರನ್ನು ಅಲ್ಲೇ ತಡೆಯಿರಿ, ಎಷ್ಟು ಹಿರಿಯ ಮೇಸ್ತ್ರಿ ಆಗಿದ್ದರೂ ಸರಿ. ಎಂಜಿನ್ ಎತ್ತುವ ಚೈನ್ ಬ್ಲಾಕ್ ಅದೇ ದಿನ ಬೇರೆ ಗಾಡಿಗೆ ಬೇಕು ಅನ್ನುವ ಅವಸರದಲ್ಲಿ ನನ್ನದನ್ನು ಹಾಗೆ ಎಳೆದಿದ್ದರು ಅಂತ ಆಮೇಲೆ ಆ ಗ್ಯಾರೇಜಿನ ಹುಡುಗನೇ ಹೇಳಿದ. ಚೈನನ್ನು ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಸುತ್ತ ಸುತ್ತಿದ್ದರಿಂದ ಸಂಪ್ ಕೂಡ ಒಳಕ್ಕೆ ತಗ್ಗಾಗಿತ್ತು. ತಗ್ಗು ಸ್ವಲ್ಪ ಆಳ ಆಗಿದ್ದರೆ ಆಯಿಲ್ ಎಳೆಯುವ ಜಾಲರಿಗೇ ತಾಗುತ್ತಿತ್ತು.

ಇನ್ನೊಂದು ವಿಷಯಕ್ಕೆ ನನಗೆ ಎಲ್ಲಕ್ಕಿಂತ ಜಾಸ್ತಿ ಬೇಜಾರಿದೆ. ಹೊಸದಾಗಿ ಕಟ್ಟಿದ ಎಂಜಿನ್ನಿನಲ್ಲಿ ಆಯಿಲ್ ಪಂಪ್ ಖಾಲಿ ಇರುತ್ತದೆ. ಸ್ಪಾರ್ಕ್ ಪ್ಲಗ್ ನಾಲ್ಕೂ ಬಿಚ್ಚಿ, ಕಾಯಿಲ್ ವೈರ್ ತೆಗೆದು, ಆಯಿಲ್ ಪ್ರೆಷರ್ ಬರುವವರೆಗೆ ಬರೀ ಸೆಲ್ಫಿನಲ್ಲೇ ತಿರುಗಿಸಬೇಕು. ಪ್ಲಗ್ ಇಲ್ಲದಿದ್ದರೆ ಕಂಪ್ರೆಷನ್ ಇರುವುದಿಲ್ಲ, ಬೇರಿಂಗ್ ಮೇಲೆ ಭಾರ ಬೀಳುವುದಿಲ್ಲ. ಇವರು ಅದನ್ನು ಮಾಡದೆ ನೇರ ಸ್ಟಾರ್ಟ್ ಮಾಡಿ ರೇಸ್ ಕೊಟ್ಟರು. ಹಿರಿಯ ಮೇಸ್ತ್ರಿ ಸಂಪ್ ಇಳಿಸಿದಾಗ ಹೊಸ ಬೇರಿಂಗ್‌ಗಳ ಮೇಲೆ ಗೆರೆ ಎದ್ದಿತ್ತು. ಈ ಎಂಜಿನ್ನಿಗೆ ಇರುವುದೇ ಮೂರು ಮೇನ್ ಬೇರಿಂಗ್. ಪುಣ್ಯಕ್ಕೆ ಕ್ರ್ಯಾಂಕಿಗೆ ಏಟಾಗಿರಲಿಲ್ಲ. ಬೇರಿಂಗ್, ಕ್ಲಚ್ ಪ್ಲೇಟ್, ಬುಷ್ ಮತ್ತೆ ಕೊಂಡೆ. ಕಿವಿಗೆ ವೆಲ್ಡಿಂಗ್ ಮಾಡಿಸಿದೆ. ಇಳಿಸಿ ಏರಿಸುವ ಕೂಲಿ ಎರಡನೇ ಸಲ ಕೊಟ್ಟೆ. ಮೊದಲಿನ ಗ್ಯಾರೇಜಿನವರು ಒಂದು ರೂಪಾಯಿಯನ್ನೂ ವಾಪಸ್ ಕೊಡಲಿಲ್ಲ. "ನಾವು ಕೊಟ್ಟಾಗ ಗಾಡಿ ಸ್ಟಾರ್ಟ್ ಆಗಿತ್ತು" ಅನ್ನುವುದೊಂದೇ ಅವರ ಮಾತು.

ಅದಕ್ಕೇ ದುಡ್ಡಿನ ಮಾತನ್ನು ಮೊದಲೇ ಸರಿ ಮಾಡಿಕೊಳ್ಳಿ. ಕೊನೆಯ ಕಂತನ್ನು ಎಂಜಿನ್ ಸ್ಟಾರ್ಟ್ ಆದ ಮೇಲೆ ಅಂತ ಒಪ್ಪಬೇಡಿ. ಗಾಡಿ ರಸ್ತೆಯಲ್ಲಿ ಎಲ್ಲ ಗೇರಿನಲ್ಲೂ ಓಡಿ, ಬಿಸಿಯಾಗಿ, ತಣ್ಣಗಾದ ಮೇಲೆ ಆಯಿಲ್ ಸೋರಿಕೆ ನೋಡಿ ಕೊಡುತ್ತೇನೆ ಅನ್ನಿ. ಎಂಜಿನ್ ಏರಿಸುವ ಕೆಲಸ ಅಂತ ಬಿಲ್ಲಿನಲ್ಲಿ ಬಿಡಿಸಿ ಬರೆಸಿ. ಬಿಚ್ಚುವ ಮೊದಲು ಪ್ರತಿ ವೈರ್, ಪಟ್ಟಿ, ಪೈಪಿನ ಫೋಟೋ ತೆಗೆದಿಟ್ಟುಕೊಳ್ಳಿ. ಮೊದಲ ಸ್ಟಾರ್ಟ್ ದಿನ ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಲಿ, ಬ್ಯಾಟರಿ ಟರ್ಮಿನಲ್ ಕೈಯಲ್ಲೇ ಕೀಳುವಷ್ಟು ಸಡಿಲ ಇರಲಿ, ಅದರ ಹತ್ತಿರ ಒಬ್ಬರು ನಿಂತಿರಲಿ.

ಹೀಗೆ ಆಗಿಹೋದವರಿಗೂ ದಾರಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ರಿಪೇರಿಯೂ ಸೇವೆಯೇ. ತೊಂದರೆಯಾಗಿ 2 ವರ್ಷದ ಒಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ನೀವು ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ಬಿಲ್ಲು, ಫೋಟೋ, ಮತ್ತೆ ಬಿಚ್ಚಿ ನೋಡಿದ ಮೆಕ್ಯಾನಿಕ್ ಸಹಿ ಹಾಕಿ ಕೊಟ್ಟ ಚೀಟಿ, ಈ ಮೂರನ್ನು ಜೋಪಾನ ಮಾಡಿ. ಮುರಿದ ಪಾರ್ಟುಗಳನ್ನು ಗುಜರಿಗೆ ಹಾಕಬೇಡಿ. ನನ್ನ ಡೊಂಕಾದ ಕ್ಲಚ್ ಪ್ಲೇಟ್, ಬುಷ್, ಗೆರೆ ಎದ್ದ ಬೇರಿಂಗ್ ಎಲ್ಲ ದೂರಿನ ಕಾಗದದ ಜೊತೆ ಕಟ್ಟಿಟ್ಟಿದ್ದೇನೆ.