ಸೊನ್ನೆಯನ್ನೂ ಅನುಸ್ವಾರವನ್ನೂ ಬೇರ್ಪಡಿಸಿಕೊಟ್ಟ ಬಿಬಿಎಡಿಟ್

‘ಸಂಜೆ’ ಎಂಬ ಪದವನ್ನು ಟೈಪ್ ಮಾಡುವಾಗ ಸಕಾರದ ಮುಂದೆ ಅನುಸ್ವಾರ ಹಾಕಬೇಕು. ಎಷ್ಟೋ ಜನ ಅಲ್ಲಿ ಕನ್ನಡದ ಸೊನ್ನೆ ಅಂಕಿಯನ್ನು ಒತ್ತಿರುತ್ತಾರೆ: ‘ಸ೦ಜೆ’. ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಕಂಪ್ಯೂಟರು ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಎಂಬ ಸಂಕೇತಪಟ್ಟಿಯಲ್ಲಿ ಮಾತ್ರ ಎರಡಕ್ಕೂ ಬೇರೆ ಬೇರೆ ಸಂಖ್ಯೆ. ಹಾಗಾಗಿ ಸೊನ್ನೆ ಸೇರಿಕೊಂಡ ಸಂಜೆ ಹುಡುಕಿದರೆ ಸಿಗುವುದಿಲ್ಲ, ಪದಸೂಚಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ, ಅಕಾರಾದಿಯಾಗಿ ಜೋಡಿಸಿದರೆ ತನ್ನದಲ್ಲದ ಜಾಗಕ್ಕೆ ಹೋಗಿ ಕೂರುತ್ತದೆ. ಕರಡು ತಿದ್ದುವುದೇ ನನ್ನ ಕಸುಬು. ಈ ಒಂದು ತಪ್ಪನ್ನು ಬರಿಗಣ್ಣಿನಲ್ಲಿ ಹಿಡಿಯಲು ಹೋಗಿ ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದೇನೋ ಲೆಕ್ಕವಿಲ್ಲ.

ಮ್ಯಾಕ್ ಕಂಪ್ಯೂಟರಿನ ಜೊತೆಗೇ ಟೆಕ್ಸ್ಟ್‌ಎಡಿಟ್ ಎಂಬ ಬರವಣಿಗೆಯ ತಂತ್ರಾಂಶ ಉಚಿತವಾಗಿ ಬರುತ್ತದೆ. ಅದನ್ನು ನಾನು ಹಳಿಯುವುದಿಲ್ಲ. ಥಟ್ಟನೆ ತೆರೆದುಕೊಳ್ಳುತ್ತದೆ, ದಪ್ಪಕ್ಷರ, ಓರೆಯಕ್ಷರ ಎಲ್ಲವನ್ನೂ ಮಾಡುತ್ತದೆ, ಪತ್ರ ಬರೆಯಲು ಧಾರಾಳವಾಗಿ ಸಾಕು. ಹುಡುಕುವಾಗ ‘ಯಾವುದಾದರೂ ಅಂಕಿ’, ‘ಯಾವುದಾದರೂ ಪದ’ ಎಂಬಂಥ ಕೆಲವು ಸಿದ್ಧ ಮಾದರಿಗಳನ್ನೂ ಕೊಡುತ್ತದೆ. ಆದರೆ ನಲವತ್ತೆರಡು ಅಧ್ಯಾಯಗಳು ನಲವತ್ತೆರಡು ಫೈಲುಗಳಾಗಿ ಬಂದಾಗ ಇಡೀ ಫೋಲ್ಡರನ್ನು ಒಟ್ಟಿಗೆ ಜಾಲಾಡುವುದು ಅದರಿಂದಾಗದು. ಅಂಥ ಕೆಲಸಕ್ಕೆಂದು ಅದನ್ನು ಮಾಡಿಯೇ ಇಲ್ಲ.

ಬಿಬಿಎಡಿಟ್ ಎಂಬ ಪಠ್ಯ ತಿದ್ದುವ ತಂತ್ರಾಂಶ ಇರುವುದೇ ಅಂಥ ಕೆಲಸಕ್ಕೆ. ಇದನ್ನು ಮಾಡುವುದು ಅಮೆರಿಕದ ಬೇರ್ ಬೋನ್ಸ್ ಸಾಫ್ಟ್‌ವೇರ್ ಎಂಬ ಸಣ್ಣ ಸಂಸ್ಥೆ. 1992ರಲ್ಲಿ ಉಚಿತ ತಂತ್ರಾಂಶವಾಗಿ ಹೊರಬಂದು, ಮರುವರ್ಷದಿಂದ ಮಾರಾಟಕ್ಕೆ ಬಂತು. ಆಗ ಮ್ಯಾಕ್‌ನೊಂದಿಗೆ ಟೀಚ್‌ಟೆಕ್ಸ್ಟ್ ಎಂಬ ಬರವಣಿಗೆಯ ತಂತ್ರಾಂಶ ಬರುತ್ತಿತ್ತು, ಆಮೇಲೆ ಸಿಂಪಲ್‌ಟೆಕ್ಸ್ಟ್ ಬಂತು. ಎರಡೂ 32 ಕಿಲೋಬೈಟ್ ದಾಟಿದ ಫೈಲನ್ನು ತಿದ್ದಲಾರದವು. ಕನ್ನಡದ ಒಂದೊಂದು ಚಿಹ್ನೆಗೆ ಈಗ ಮೂರು ಬೈಟ್ ಬೇಕು. ಆ ಮಿತಿಯೊಳಗೆ ನಮ್ಮದೊಂದು ಸಾಧಾರಣ ಅಧ್ಯಾಯವೂ ಹಿಡಿಯುತ್ತಿರಲಿಲ್ಲ. ಆ ಎರಡೂ ಕಾಲವಾಗಿ, ಟೆಕ್ಸ್ಟ್‌ಎಡಿಟ್ ಬಂದು, ಯಂತ್ರದೊಳಗಿನ ಚಿಪ್‌ಗಳು ಬದಲಾಗಿ, ಕಾರ್ಯಾಚರಣ ವ್ಯವಸ್ಥೆಯೇ ಹೊಸದಾದರೂ ಬಿಬಿಎಡಿಟ್ ಹೊಸ ಆವೃತ್ತಿಗಳನ್ನು ಹೊರತರುತ್ತಲೇ ಇದೆ.

ಸೊನ್ನೆಯ ವಿಷಯಕ್ಕೆ ಬರುತ್ತೇನೆ. ಬಿಬಿಎಡಿಟ್‌ನಲ್ಲಿ ‘ಗ್ರೆಪ್’ ಎಂಬ ಹುಡುಕಾಟವಿದೆ. ಇಂಥದೇ ಪದ ಎನ್ನುವ ಬದಲು ಇಂಥ ಬಗೆಯ ಅಕ್ಷರಗಳ ಸಾಲು ಎಂದು ಅದಕ್ಕೆ ಹೇಳಬಹುದು. ಚೌಕ ಕಂಸದೊಳಗೆ ‘ಅ’ದಿಂದ ಔತ್ವದ ಗುರುತಿನವರೆಗೆ ಎಂದು ಬರೆದು, ಕಂಸದಾಚೆ ಒಂದು ಸೊನ್ನೆ ಇಟ್ಟೆ. ಯಾವುದಾದರೂ ಅಕ್ಷರ ಅಥವಾ ಸ್ವರಚಿಹ್ನೆ, ಅದರ ಬೆನ್ನಿಗೇ ಸೊನ್ನೆ ಎಂದು ಇದರ ಅರ್ಥ. ‘೧೦’, ‘೨೦೦’ರಂಥ ನಿಜವಾದ ಅಂಕಿಗಳನ್ನು ಇದು ಮುಟ್ಟುವುದಿಲ್ಲ, ಏಕೆಂದರೆ ಅಲ್ಲಿ ಸೊನ್ನೆಯ ಹಿಂದಿರುವುದು ಇನ್ನೊಂದು ಅಂಕಿ. ಫೋಲ್ಡರನ್ನು ಆರಿಸಿ ಗುಂಡಿ ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಕಿಟಕಿ ತೆರೆಯಿತು: ಮೇಲೆ ಫೈಲಿನ ಹೆಸರು ಮತ್ತು ಸಾಲಿನ ಸಂಖ್ಯೆಯ ಪಟ್ಟಿ, ಕೆಳಗೆ ಆಯಾ ಸಾಲು ಇರುವ ಪುಟ. 1,316 ಕಡೆ ಸೊನ್ನೆ ಅನುಸ್ವಾರದ ವೇಷ ಹಾಕಿಕೊಂಡು ಕುಳಿತಿತ್ತು.

ಒಂದೇ ಏಟಿಗೆ ಎಲ್ಲವನ್ನೂ ಬದಲಿಸಬಹುದಿತ್ತು. ನಾನು ಹಾಗೆ ಮಾಡಲಿಲ್ಲ, ಪಟ್ಟಿಯನ್ನು ಪೂರ್ತಿ ಓದಿದೆ. ಮೂವತ್ತನೆಯ ಅಧ್ಯಾಯದ ಒಂದು ಕೋಷ್ಟಕದಲ್ಲಿ ‘ಕ೦೭’ ಎಂಬ ಕ್ರಮಸಂಖ್ಯೆ ಇತ್ತು. ಅದು ನಿಜವಾದ ಸೊನ್ನೆ. ಪಟ್ಟಿಯಲ್ಲಿ ಅದನ್ನು ಕ್ಲಿಕ್ಕಿಸಿದರೆ ಕೆಳಗೆ ಇಡೀ ಕೋಷ್ಟಕವೇ ಕಣ್ಣೆದುರಿಗೆ ಬಂದಿದ್ದರಿಂದ ಸಂಶಯಕ್ಕೆ ಎಡೆಯಿರಲಿಲ್ಲ. ಅದೊಂದನ್ನು ಗುರುತು ಮಾಡಿಟ್ಟುಕೊಂಡು, ಉಳಿದದ್ದನ್ನೆಲ್ಲ ಬದಲಿಸಿ, ಕೊನೆಗೆ ಅದನ್ನು ಮೊದಲಿನಂತೆ ಮಾಡಿದೆ. ವಾರ ಹಿಡಿಯಬಹುದಾಗಿದ್ದ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಆ ದಿನ ನನಗಾದ ಸಂತೋಷವನ್ನು ಈ ಕಸುಬಿನವರೇ ಬಲ್ಲರು.

ಈಗ ಇಂಥ ತಿದ್ದುಪಡಿಗಳನ್ನು ‘ಟೆಕ್ಸ್ಟ್ ಫ್ಯಾಕ್ಟರಿ’ ಎಂಬಲ್ಲಿ ಒಂದರ ಕೆಳಗೊಂದು ಪೇರಿಸಿಟ್ಟಿದ್ದೇನೆ. ‘ಉಚ್ಛಾರ’ ಎಂದಿದ್ದರೆ ‘ಉಚ್ಚಾರ’ ಮಾಡು ಎಂದು ಒಂದು ಸಾಲು ಬರೆದಿಟ್ಟರೆ ಉಚ್ಚಾರಣೆಯನ್ನು, ಉಚ್ಚಾರಣೆಯಲ್ಲಿ, ಉಚ್ಚಾರಣೆಗಳಿಗೆ ಎಲ್ಲವೂ ಸರಿಯಾಗುತ್ತವೆ. ಪದಕ್ಕೆ ಪ್ರತ್ಯಯಗಳು ಅಂಟಿಕೊಳ್ಳುತ್ತ ಹೋಗುವ ಭಾಷೆಯಲ್ಲಿ ಕೆಲಸ ಮಾಡುವವರಿಗೆ ಇದು ಎಷ್ಟು ದೊಡ್ಡ ಅನುಕೂಲ!

ಕೊರತೆಗಳನ್ನೂ ಹೇಳಬೇಕು. ಇದು ಮ್ಯಾಕ್‌ಗೆ ಮಾತ್ರ. ವಿಂಡೋಸ್‌ನವರಿಗೆ ಇಲ್ಲ, ಐಪ್ಯಾಡ್‌ಗೂ ಇಲ್ಲ. ಅಕ್ಷರ ದಪ್ಪ ಮಾಡುವುದು, ಚಿತ್ರ ಸೇರಿಸುವುದು ಇಲ್ಲಿ ನಡೆಯುವುದಿಲ್ಲ, ಇದು ಬರಿಯ ಪಠ್ಯದ ಲೋಕ. ಲಂಬವಾಗಿ ಅಂಕಣದಂತೆ ಆಯ್ದುಕೊಳ್ಳುವ ಸೌಲಭ್ಯ ಎಲ್ಲ ಅಕ್ಷರಗಳೂ ಒಂದೇ ಅಗಲವಿರುವ ಲಿಪಿಗೆ ಹೇಳಿಮಾಡಿಸಿದ್ದು, ನಮ್ಮ ಲಿಪಿಗೆ ಒಗ್ಗುವುದಿಲ್ಲ. ಕೈಪಿಡಿ 300 ಪುಟಗಳಿಗೂ ಹೆಚ್ಚು. ಗ್ರೆಪ್‌ನ ಅಧ್ಯಾಯವನ್ನಾದರೂ ಕೂತು ಓದದಿದ್ದರೆ ಈ ತಂತ್ರಾಂಶ ನಿಮಗೆ ಟೆಕ್ಸ್ಟ್‌ಎಡಿಟ್‌ಗಿಂತ ಬಡವಾಗಿ ಕಂಡೀತು.

ದುಡ್ಡಿನ ಮಾತು. ಮೊದಲ ಮೂವತ್ತು ದಿನ ಎಲ್ಲ ಸೌಲಭ್ಯಗಳೂ ತೆರೆದಿರುತ್ತವೆ. ಆಮೇಲೆ ಹಣ ಕೊಡದಿದ್ದರೆ ಕೆಲವು ಬಾಗಿಲು ಮುಚ್ಚುತ್ತವೆ, ತಂತ್ರಾಂಶ ನಿಲ್ಲುವುದಿಲ್ಲ. ಗ್ರೆಪ್ ಮತ್ತು ಹಲವು ಫೈಲುಗಳ ಹುಡುಕಾಟ ಉಚಿತವಾಗಿಯೇ ಉಳಿಯುತ್ತವೆ. 2016ರಿಂದ ಹೀಗೆ ನಡೆದುಬಂದಿದೆ. ಯಂತ್ರದ ಜೊತೆಗೇ ಪುಕ್ಕಟೆ ಬರುವ ವಸ್ತುವಿನ ಎದುರು ಅಂಗಡಿ ತೆರೆದವರು ಇನ್ನೇನು ಮಾಡಬಲ್ಲರು? ನಾನೂ ಎರಡು ವರ್ಷ ಬಿಟ್ಟಿಯಾಗಿಯೇ ಬಳಸಿದೆ.

ಆಮೇಲೆ ಯಾಕೆ ಹಣ ಕೊಟ್ಟೆ ಎಂದರೆ, ಬೇರೆ ಕಡೆ ಪೆಟ್ಟು ತಿಂದೆ. ಒಂದು ದೊಡ್ಡ ಕಂಪನಿ ತನ್ನ ವ್ಯವಸ್ಥೆಯ ಜೊತೆ ಕೊಡುತ್ತಿದ್ದ ಟಿಪ್ಪಣಿ ತಂತ್ರಾಂಶದಲ್ಲಿ ಆರು ವರ್ಷದ ಪದಪಟ್ಟಿಗಳನ್ನು ಕೂಡಿಟ್ಟಿದ್ದೆ. ಒಂದು ದಿನ ಅದನ್ನು ನಿಲ್ಲಿಸುತ್ತಿದ್ದೇವೆ ಎಂಬ ಸೂಚನೆ ಬಂತು. ಹೊರತೆಗೆದುಕೊಂಡ ಪಟ್ಟಿಗಳಲ್ಲಿ ನನ್ನ ವಿಂಗಡಣೆಯೆಲ್ಲ ಕಲಸಿಹೋಗಿತ್ತು. ಅದನ್ನು ನಡೆಸಿಕೊಂಡು ಹೋಗಲು ಅವರಿಗೆ ಕಾರಣವಿರಲಿಲ್ಲ. ಅವರ ಅನ್ನ ಅದರಿಂದ ಹುಟ್ಟುತ್ತಿರಲಿಲ್ಲ.

ಈ ಕಥೆ ಹಳೆಯದು. ವಾಟ್ಸನ್ ಎಂಬ ಪುಟ್ಟ ತಂತ್ರಾಂಶವನ್ನು ಕರೇಲಿಯಾ ಎಂಬ ಸಣ್ಣ ಸಂಸ್ಥೆ ಮ್ಯಾಕ್‌ಗಾಗಿ ಮಾಡಿತ್ತು. 2002ರಲ್ಲಿ ಆಪಲ್ ತನ್ನ ಷರ್ಲಾಕ್ ಎಂಬ ಹುಡುಕಾಟದ ತಂತ್ರಾಂಶದ ಮೂರನೆಯ ಆವೃತ್ತಿಯಲ್ಲಿ ಹೆಚ್ಚುಕಡಿಮೆ ಅದೇ ಕೆಲಸಗಳನ್ನು ತಾನೇ ಕೊಟ್ಟಿತು. ವೇದಿಕೆಯ ಒಡೆಯರೇ ಹೀಗೆ ಸಣ್ಣವರ ತಟ್ಟೆಗೆ ಕೈಹಾಕುವುದಕ್ಕೆ ‘ಷರ್ಲಾಕ್ ಮಾಡುವುದು’ ಎಂಬ ಮಾತೇ ತಂತ್ರಾಂಶದವರ ನಡುವೆ ಹುಟ್ಟಿಕೊಂಡಿತು. ವಾಟ್ಸನ್ ಹೋಯಿತು, ಷರ್ಲಾಕ್ ಕೂಡ ಕೆಲವು ವರ್ಷಗಳಲ್ಲಿ ಹೋಯಿತು. ಅತ್ತ ವಿಂಡೋಸ್‌ನಲ್ಲಿ ಜಾಲತಾಣ ನೋಡುವ ನೆಟ್‌ಸ್ಕೇಪ್ ಎಂಬ ತಂತ್ರಾಂಶ ಸೋತ ಮೇಲೆ, ಅದರ ಎದುರಾಳಿಯಾಗಿದ್ದ ಮೈಕ್ರೋಸಾಫ್ಟ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಆರನೆಯ ಆವೃತ್ತಿ 2001ರಲ್ಲಿ ಬಂತು, ಏಳನೆಯದು ಬಂದದ್ದು 2006ರಲ್ಲಿ. ಗಟ್ಟಿ ಎದುರಾಳಿಯಿಲ್ಲದ ಆ ವರ್ಷಗಳಲ್ಲಿ ಬಹುಪಾಲು ಜನರು ಅದೇ ಹಳೆಯದನ್ನು ಬಳಸಿದರು. ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಬಿಬಿಎಡಿಟ್‌ನವರು ಅಂಗಡಿಯ ಒಡೆಯರ ಜೊತೆಗೂ ಏಗಿದ್ದಾರೆ. 2014ರಲ್ಲಿ ಮ್ಯಾಕ್‌ನ ಆ್ಯಪ್ ಸ್ಟೋರ್‌ನಿಂದ ಹೊರನಡೆದರು. ಅಲ್ಲಿ ಮಾರಬೇಕಾದರೆ ತಂತ್ರಾಂಶ ‘ಸ್ಯಾಂಡ್‌ಬಾಕ್ಸ್’ ಎಂಬ ಬೇಲಿಯೊಳಗಿರಬೇಕು, ಬಳಕೆದಾರರು ತೋರಿಸಿದ ಫೈಲುಗಳನ್ನಷ್ಟೇ ಮುಟ್ಟಬೇಕು. ಸುರಕ್ಷತೆಗೆ ಒಳ್ಳೆಯ ನಿಯಮವೇ, ಆದರೆ ಫೋಲ್ಡರ್‌ಗಟ್ಟಲೆ ಜಾಲಾಡುವ ಸಾಧನಕ್ಕೆ ಕೈಕಟ್ಟಿದಂತೆ. ಹಳೆಯ ಗ್ರಾಹಕರಿಗೆ ಹೊಸ ಆವೃತ್ತಿಯನ್ನು ಕಡಿಮೆ ಬೆಲೆಗೆ ಕೊಡುವ ದಾರಿಯೂ ಅಲ್ಲಿರಲಿಲ್ಲ. ನಿಯಮಗಳು ಸಡಿಲವಾದ ಮೇಲೆ, 2019ರಲ್ಲಿ ಮರಳಿ ಬಂದರು. ಈಗ ಅಲ್ಲಿ ಚಂದಾ ಲೆಕ್ಕದಲ್ಲಿ ಸಿಗುತ್ತದೆ, ಅವರದೇ ಜಾಲತಾಣದಲ್ಲಿ ಒಮ್ಮೆ ಹಣ ಕೊಟ್ಟು ಆ ಆವೃತ್ತಿಯನ್ನು ಕೊಂಡುಕೊಳ್ಳಬಹುದು. ನಾನು ಕೊಂಡದ್ದು ಜಾಲತಾಣದಿಂದ. ಮಧ್ಯವರ್ತಿಯ ಪಾಲು ಕಳೆಯದೆ ಹಣವೆಲ್ಲ ತಂತ್ರಾಂಶ ಮಾಡಿದವರ ಕೈಗೇ ಸೇರಲಿ ಎಂಬುದು ನನ್ನ ಆಸೆಯಾಗಿತ್ತು.

ಪತ್ರ, ಪಟ್ಟಿ, ಸಣ್ಣ ಟಿಪ್ಪಣಿಗಳಷ್ಟೇ ನಿಮ್ಮ ಬರವಣಿಗೆಯಾಗಿದ್ದರೆ ಟೆಕ್ಸ್ಟ್‌ಎಡಿಟ್ ಬಿಡಬೇಡಿ, ಬಿಬಿಎಡಿಟ್ ನಿಮಗೆ ಭಾರವಾಗುತ್ತದೆ. ಪುಸ್ತಕ, ನಿಘಂಟು, ಹಳೆಯ ಲೇಖನಗಳ ಸಂಗ್ರಹ, ಹೀಗೆ ನೂರಾರು ಫೈಲುಗಳ ಜೊತೆ ಏಗುವವರು ಮೂವತ್ತು ದಿನದ ಅವಧಿಯಲ್ಲಿ ಇದೊಂದನ್ನು ಮಾಡಿ ನೋಡಿ. ನಿಮ್ಮ ಕನ್ನಡ ಫೈಲುಗಳಿರುವ ಫೋಲ್ಡರಿನ ಒಂದು ನಕಲನ್ನು ಬೇರೆಡೆ ಇಟ್ಟುಕೊಂಡು, ನಾನು ಮೇಲೆ ಹೇಳಿದ ಹುಡುಕಾಟವನ್ನು ನಡೆಸಿ, ಎಷ್ಟು ಸೊನ್ನೆಗಳು ಸಿಗುತ್ತವೆ ಎಣಿಸಿ.