ಮೂರು ಖಾನೆಯ ಸ್ಟೀಲ್ ಡಬ್ಬಿ: ಸೋರದಿದ್ದರಷ್ಟೇ ಸಾಲದು

ಹುಬ್ಬಳ್ಳಿಯ ದುರ್ಗದಬೈಲ್ ಸುತ್ತಲಿನ ಪಾತ್ರೆ ಅಂಗಡಿಗಳಲ್ಲಿ ಸಿಗುವ ಮೂರು ಖಾನೆಯ ಸ್ಟೀಲ್ ಡಬ್ಬಿ ಸಣ್ಣ ತರಗತಿಯ ಮಕ್ಕಳಿಗೆ ಅಳತೆಯಲ್ಲಿ ಸರಿ. ಎರಡು ಚಪಾತಿ, ಅರ್ಧ ವಾಟಿ ಪಲ್ಯ, ನಾಲ್ಕು ಹೋಳು ಗಜ್ಜರಿ ಅಥವಾ ಪೇರಲ ಹಿಡಿಯುತ್ತದೆ. ಸರಕಾರಿ ಬಿಸಿಯೂಟದಲ್ಲಿ ಐದನೇ ತರಗತಿವರೆಗಿನ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ ಎಂಬ ಲೆಕ್ಕವಿದೆ. ಪಲ್ಯದ ಖಾನೆಗೆ ಅಷ್ಟು ಧಾರಾಳವಾಗಿ ಕೂರುತ್ತದೆ.

ಕೊಳ್ಳುವ ಮೊದಲು ಪಲ್ಯದ ಖಾನೆಗಷ್ಟೇ ನೀರು ಹಾಕಿ, ಮುಚ್ಚಿ, ಡಬ್ಬಿ ಅಡ್ಡ ಹಿಡಿಯಿರಿ. ರಬ್ಬರ್ ಪಟ್ಟಿ ಗಟ್ಟಿಯಿದ್ದರೆ ಹೊರಗೆ ಹನಿ ಬೀಳದು. ಒಳಗೆ ಮಾತ್ರ ನೀರು ಪಕ್ಕದ ಖಾನೆಗೆ ಹರಿದಿರುತ್ತದೆ, ಯಾಕೆಂದರೆ ನಡುಗೋಡೆಯ ಮೇಲೆ ಮುಚ್ಚಳ ಒತ್ತಿ ಕೂರುವುದಿಲ್ಲ. ಕಾಳುಪಲ್ಯದ ಎಣ್ಣೆ ತಾಗಿದ ಪೇರಲವನ್ನು ಮಕ್ಕಳು ಮುಟ್ಟುವುದಿಲ್ಲ. ಪಲ್ಯಕ್ಕೆ ಒಂದು ಚಮಚ ಶೇಂಗಾ ಪುಡಿ ಬೆರೆಸಿದರೆ ರಸ ಹೀರಿಕೊಳ್ಳುತ್ತದೆ. ಕ್ಲಿಪ್ ಬಲು ಬಿಗಿ; ಮಗುವಿನ ಕೈಯಿಂದಲೇ ಅಂಗಡಿಯಲ್ಲಿ ತೆಗೆಸಿ ನೋಡಿ.

ಜೋಳದ ರೊಟ್ಟಿ ಬಿಸಿಯಾಗಿ ಮುಚ್ಚಿಟ್ಟರೆ ಆವಿ ನೀರಾಗಿ ಅಂಟುತ್ತದೆ, ಪೂರ್ತಿ ಆರಿದರೆ ಬಿರುಸಾಗಿ ಮುರಿಯುತ್ತದೆ. ಬಟ್ಟೆಯ ಮೇಲೆ ಐದು ನಿಮಿಷ ಆರಿಸಿ, ಬೆಣ್ಣೆ ಸವರಿ, ಶೇಂಗಾ ಹಿಂಡಿ (ಚಟ್ನಿಪುಡಿ) ಉದುರಿಸಿ, ಬೆಚ್ಚಗಿರುವಾಗಲೇ ಸುತ್ತಿಡಿ. ಅಗಿಯಲು ಹೊತ್ತು ಬೇಕು; ಊಟದ ಬಿಡುವು 20 ನಿಮಿಷವಿದ್ದರೆ ಅರ್ಧ ರೊಟ್ಟಿ ಸಾಕು.

ಇಷ್ಟಾದರೂ ಡಬ್ಬಿ ಖಾಲಿಯಾಗುವುದು ಪಕ್ಕದಲ್ಲಿ ಕೂತವರನ್ನು ನೋಡಿಕೊಂಡು. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸು ಮಾರಬಾರದೆಂದು 2020ರ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಗೆಳೆಯನ ಡಬ್ಬಿಯಲ್ಲಿ ಮನೆಯಿಂದಲೇ ಬರುವ ಚಿಪ್ಸಿಗೆ ಅದು ತಾಗುವುದಿಲ್ಲ. ಚಿಪ್ಸಿನ ನಡುವೆ ಮೆಂತ್ಯ ಪಲ್ಯದ ಡಬ್ಬಿ ಅರ್ಧ ತೆರೆದು ಮುಚ್ಚಿಕೊಳ್ಳುತ್ತದೆ. ಮೂರು ಮನೆಯವರು ಮಾತಾಡಿಕೊಂಡು ವಾರಕ್ಕೊಂದು ದಿನ ಮೂವರಿಗೂ ಮಡಿಕೆಕಾಳಿನ ಉಸಳಿ ಕಟ್ಟಿದರೆ ಮಕ್ಕಳು ಹಂಚಿಕೊಂಡು ತಿನ್ನುತ್ತಾರೆ.

ಹೊಸ ತರಕಾರಿ ಎರಡೇ ಚಮಚ ಹಾಕಿ. ಒಪ್ಪಲು ಎಂಟು-ಹತ್ತು ಸಲ, ಕೆಲವರಿಗೆ ಹದಿನೈದು ಸಲವೂ ಬೇಕು. ‘ಪಲ್ಯ ಮುಗಿಸಿದರೆ ಚಾಕೊಲೇಟ್’ ಎಂದು ಆಸೆ ಹಚ್ಚಿದರೆ ಚಾಕೊಲೇಟಿನ ಮೇಲಿನ ಆಸೆಯೇ ಬೆಳೆಯುತ್ತದೆ. ರಾತ್ರಿ ಅಪ್ಪ ತಾಟಿನಂಚಿಗೆ ಸರಿಸಿದ ಬದನೆಕಾಯಿ ಮರುದಿನ ಮಗುವಿನ ಡಬ್ಬಿಯಲ್ಲೂ ಉಳಿಯುತ್ತದೆ. ಉಳಿಸಿ ತಂದದ್ದಕ್ಕೆ ಬೈಯಬೇಡಿ. ಬೈದರೆ ಊಟ ಕಸದ ಬುಟ್ಟಿ ಸೇರಿ ಡಬ್ಬಿ ಖಾಲಿ ಬರುತ್ತದೆ. ಯಾವ ಖಾನೆ ಉಳಿಯುತ್ತದೆಂದು ಒಂದು ವಾರ ಗಮನಿಸಿ, ಅಳತೆ ಬದಲಿಸಿ.

ರಬ್ಬರ್ ಪಟ್ಟಿಯನ್ನು ದಿನವೂ ಬಿಚ್ಚಿ ತೊಳೆದು ಒಣಗಿಸಬೇಕು, ಇಲ್ಲವಾದರೆ ಬಳ್ಳೊಳ್ಳಿ ವಾಸನೆ ಹಿಡಿದು ಸಂದಿಯಲ್ಲಿ ಬೂಸ್ಟು ಕಟ್ಟುತ್ತದೆ. ಹೆಚ್ಚುವರಿ ಪಟ್ಟಿ ಸಿಗುವ ಅಂಗಡಿಯಲ್ಲೇ ಕೊಳ್ಳಿ. ಐದನೇ ತರಗತಿ ದಾಟಿದವರಿಗೆ ಇದು ಸಾಲದು; ಅವರಿಗೆ ಎರಡು ಅಂತಸ್ತಿನ ದುಂಡು ಡಬ್ಬಿಯೇ ಲೇಸು.